ಊರಲ್ಲೊಂದು ಕರೆಂಟಿನ ಮಾತುಕತೆ ನಡೆಸುವುದು ಹೇಗೆ?

ಸೋಲಾರ್ ಬಂದರೆ ಊರು ಉದ್ಧಾರ ಎನ್ನುವವರು ಒಂದು ಕಡೆ. ಗಾಳಿಯಿಂದ ಕರೆಂಟು ಮಾಡುವ ಗಾಳಿ ಫ್ಯಾನು ಮೋಡ ಓಡಿಸುತ್ತದೆ, ಅದಕ್ಕೇ ಮಳೆ ಕೈಕೊಟ್ಟಿತು ಎನ್ನುವವರು ಇನ್ನೊಂದು ಕಡೆ. ಇವೆರಡರ ನಡುವೆ ದಿಕ್ಕು ತೋಚದೆ ಕೂತ ಊರುಗಳು ನಮ್ಮ ರಾಜ್ಯದಲ್ಲಿ ಬೇಕಾದಷ್ಟಿವೆ. ಒಂದು ದಿನ ಜಮೀನು ಕೇಳಿಕೊಂಡು ಕಂಪನಿಯವರು ಬರುತ್ತಾರೆ, ಮತ್ತೊಂದು ದಿನ ತಾರಸಿಗೆ ಪ್ಯಾನೆಲ್ ಹಾಕಿಸಿ ಎಂದು ಏಜೆಂಟರು ಬರುತ್ತಾರೆ. ಅವರು ಬರುವ ಮೊದಲೇ ಊರಿನವರು ಒಮ್ಮೆ ಕೂತು ಮಾತಾಡಿಕೊಂಡಿದ್ದರೆ, ಕೇಳಬೇಕಾದ ಪ್ರಶ್ನೆ ಹೊತ್ತಿಗೆ ಸರಿಯಾಗಿ ನೆನಪಾಗುತ್ತದೆ.

ಇಂಥ ಮಾತುಕತೆಯನ್ನು ಶಾಲೆಯ ಮೇಷ್ಟ್ರು, ಯುವಕ ಸಂಘದವರು, ಸ್ವಸಹಾಯ ಸಂಘದ ಅಕ್ಕಂದಿರು, ಪಂಚಾಯಿತಿಯ ಅರಿವು ಕೇಂದ್ರದವರು, ಯಾರು ಬೇಕಾದರೂ ನಡೆಸಬಹುದು. ಇಂಜಿನಿಯರ್ ಆಗಿರಬೇಕಿಲ್ಲ. ಆದರೆ ಪ್ಯಾನೆಲ್ ಮಾರುವವರ ಕೈಗೆ ಮೈಕು ಕೊಡಬೇಡಿ. ಇನ್ನೊಂದು ಮಾತು: ಜನರನ್ನು ಒಪ್ಪಿಸುವುದು ಈ ಸಭೆಯ ಕೆಲಸವಲ್ಲ. ಬಿಸಿಲು, ಗಾಳಿಯ ವಿದ್ಯುತ್ತು ನಮಗೆ ಬೇಕೇ ಬೇಕು ಎಂದು ನಂಬಿದವರಲ್ಲಿ ನಾನೂ ಒಬ್ಬ. ಆದರೆ ಅದಕ್ಕೆ ತೆರಬೇಕಾದ ಬೆಲೆಯನ್ನು ಮುಚ್ಚಿಟ್ಟು ಒಪ್ಪಿಸಿದರೆ, ಮೊದಲ ತೊಂದರೆ ಬಂದ ದಿನವೇ ಜನ ತಿರುಗಿ ಬೀಳುತ್ತಾರೆ. ಆಮೇಲೆ ನಿಜ ಹೇಳಿದರೂ ಕೇಳುವವರಿರುವುದಿಲ್ಲ.

ಹೆಜ್ಜೆ 1: ಮೀಟರಿನ ಮುಂದೆ ನಿಲ್ಲಿಸಿ

ಭಾಷಣದಿಂದ ಶುರು ಮಾಡಬೇಡಿ. ಬಂದವರನ್ನು ಹತ್ತು ಹತ್ತು ಜನರಂತೆ ಶಾಲೆಯ ಅಥವಾ ಪಂಚಾಯಿತಿ ಕಟ್ಟಡದ ಮೀಟರಿನ ಮುಂದೆ ನಿಲ್ಲಿಸಿ. ಈಗಿನ ಡಿಜಿಟಲ್ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಎಷ್ಟು ಸಲ ಮಿಣುಕಿದರೆ ಒಂದು ಯೂನಿಟ್ ಎಂಬುದು ಪಕ್ಕದಲ್ಲೇ ಅಚ್ಚಾಗಿರುತ್ತದೆ. ಹಲವು ಮೀಟರುಗಳಲ್ಲಿ ಅದು 3200. ಕಟ್ಟಡದ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಒಂದೇ ಒಂದು 9 ವ್ಯಾಟಿನ ಎಲ್‌ಇಡಿ ಬಲ್ಬ್ ಹಾಕಿ. ದೀಪ ಸುಮಾರು ಎರಡು ನಿಮಿಷಕ್ಕೊಮ್ಮೆ ಮಿಣುಕುತ್ತದೆ. ಬಲ್ಬ್ ಆರಿಸಿ 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಹಾಕಿ. ಈಗ ನಿಮಿಷಕ್ಕೆ ಐವತ್ತಕ್ಕೂ ಹೆಚ್ಚು ಸಲ! ಎಣಿಸುವ ಕೆಲಸ ಮಕ್ಕಳಿಗೆ ಬಿಡಿ. ಇಸ್ತ್ರಿ ಪೆಟ್ಟಿಗೆ ಕಾದ ಮೇಲೆ ತಾನಾಗಿ ಆಫ್ ಆಗುವುದರಿಂದ ಮೊದಲ ನಿಮಿಷದಲ್ಲೇ ಎಣಿಸಿಬಿಡಬೇಕು.

ಕಿಲೋವ್ಯಾಟ್ ಎಂದರೆ ವೇಗ, ಯೂನಿಟ್ ಎಂದರೆ ಆ ವೇಗದಲ್ಲಿ ಇಷ್ಟು ಹೊತ್ತು ಬಳಸಿದ್ದರ ಒಟ್ಟು ಲೆಕ್ಕ ಎಂಬುದು ಇಷ್ಟರಿಂದ ಕಣ್ಣಿಗೇ ಕಾಣುತ್ತದೆ. ಇದು ತಲೆಗೆ ಹೋಗದಿದ್ದರೆ ಮುಂದಿನ ಯಾವ ಮಾತೂ ನಿಲ್ಲುವುದಿಲ್ಲ. ಪಾವಗಡದ ಸೋಲಾರ್ ಪಾರ್ಕ್ 2050 ಮೆಗಾವ್ಯಾಟ್ (ಒಂದು ಮೆಗಾವ್ಯಾಟ್ ಎಂದರೆ ಸಾವಿರ ಕಿಲೋವ್ಯಾಟ್), ರಾಯಚೂರಿನ ಶಾಖೋತ್ಪನ್ನ ಸ್ಥಾವರ 1720 ಮೆಗಾವ್ಯಾಟ್. ಹಾಗೆಂದು ಪಾವಗಡದಿಂದಲೇ ಹೆಚ್ಚು ಯೂನಿಟ್ ಬರುತ್ತದೆ ಎಂದುಕೊಳ್ಳಬಾರದು. ರಾತ್ರಿ, ಮೋಡ, ಬೆಳಗಿನ ಎಳೆ ಬಿಸಿಲು ಎಲ್ಲ ಸೇರಿ ಲೆಕ್ಕ ಹಾಕಿದರೆ, ಸೋಲಾರ್ ತನ್ನ ಪೂರ್ಣ ಸಾಮರ್ಥ್ಯದ ಐದರಲ್ಲಿ ಒಂದರಿಂದ ನಾಲ್ಕರಲ್ಲಿ ಒಂದು ಪಾಲಿನಷ್ಟು ಮಾತ್ರ ಕೊಡುತ್ತದೆ. ಮನೆಯ ತಾರಸಿಯದೂ ಇಂಥದೇ ಲೆಕ್ಕ, ಪಾಲು ಇನ್ನೂ ಸ್ವಲ್ಪ ಕಡಿಮೆ: ಒಂದು ಕಿಲೋವ್ಯಾಟಿಗೆ ನೆರಳು ಬೀಳದ ಸುಮಾರು 100 ಚದರ ಅಡಿ ಜಾಗ ಬೇಕು, ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಸಿಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅಷ್ಟನ್ನೂ ನಿರೀಕ್ಷಿಸುವಂತಿಲ್ಲ.

ಹೆಜ್ಜೆ 2: ನೆಲದ ಮೇಲೆ ಒಂದು ದಿನ

ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಉದ್ದಕ್ಕೆ 24 ಚೌಕದ ಮನೆ ಬರೆಯಿರಿ, ಗಂಟೆಗೊಂದರಂತೆ. ಎಲ್ಲರಿಗೂ ಒಂದೊಂದು ಹಿಡಿ ಅವರೆಕಾಳು ಕೊಟ್ಟು, ನಿಮ್ಮ ಮನೆಯಲ್ಲಿ ಕರೆಂಟು ಯಾವ ಹೊತ್ತಿನಲ್ಲಿ ಹೆಚ್ಚು ಖರ್ಚಾಗುತ್ತದೋ ಆ ಹೊತ್ತಿನ ಚೌಕಗಳಲ್ಲಿ ಇಡಿ ಎನ್ನಿ. ಬೆಳಿಗ್ಗೆ ಆರರಿಂದ ಎಂಟರವರೆಗೆ ಗೀಸರು, ಮಿಕ್ಸಿ. ಸಂಜೆ ಆರರಿಂದ ಹತ್ತರವರೆಗೆ ದೀಪ, ಟಿವಿ, ಫ್ಯಾನು. ಕಾಳಿನ ಎರಡು ಗುಡ್ಡೆಗಳು ತಾವಾಗಿ ಎದ್ದು ನಿಲ್ಲುತ್ತವೆ.

ಈಗ ಕಡಲೆಕಾಳು ತೆಗೆದುಕೊಂಡು ಬಿಸಿಲಿನ ಲೆಕ್ಕ ಇಡಿ. ಏಳು ಗಂಟೆಗೆ ನಾಲ್ಕು ಕಾಳು, ಹನ್ನೆರಡಕ್ಕೆ ರಾಶಿ, ಐದಕ್ಕೆ ಮತ್ತೆ ನಾಲ್ಕು, ಏಳಕ್ಕೆ ಸೊನ್ನೆ. ಅವರೆಯ ಗುಡ್ಡೆ ಒಂದು ಕಡೆ, ಕಡಲೆಯ ಗುಡ್ಡೆ ಇನ್ನೊಂದು ಕಡೆ. ಸಂಜೆಯ ಮನೆಗಳನ್ನು ತೋರಿಸಿ ‘ಇದನ್ನು ತುಂಬುವವರು ಯಾರು?’ ಎಂದು ಕೇಳಿ. ಉತ್ತರ ಹೇಳಲು ಅವಸರ ಮಾಡಬೇಡಿ, ಜನರೇ ಹೇಳಲಿ. ಬ್ಯಾಟರಿ ಎನ್ನುತ್ತಾರೆ, ಶರಾವತಿಯ ನೀರು ಎನ್ನುತ್ತಾರೆ, ಕಲ್ಲಿದ್ದಲು ಎನ್ನುತ್ತಾರೆ, ಗಾಳಿ ಎನ್ನುತ್ತಾರೆ. ಎಲ್ಲವೂ ಸರಿ, ಪ್ರತಿಯೊಂದಕ್ಕೂ ಒಂದು ಬೆಲೆಯಿದೆ. ಗಾಳಿಯನ್ನೇ ನೋಡಿ: ನಮ್ಮಲ್ಲಿ ಗಾಳಿ ಫ್ಯಾನುಗಳು ಭರ್ಜರಿಯಾಗಿ ತಿರುಗುವುದು ಆಷಾಢ, ಶ್ರಾವಣದಲ್ಲಿ. ಪಂಪ್‌ಸೆಟ್ಟು, ಮನೆಯ ಫ್ಯಾನು, ಏಸಿ ಎಲ್ಲ ಸೇರಿ ಬೇಡಿಕೆ ಏರುವುದು ಬೇಸಿಗೆಯಲ್ಲಿ.

ಪಂಪ್‌ಸೆಟ್ಟಿನ ಕಾಳು ಎಲ್ಲಿಡಬೇಕು ಎಂಬ ಪ್ರಶ್ನೆ ಎದ್ದಾಗ ಸಭೆಗೆ ಜೀವ ಬರುತ್ತದೆ. ರಾತ್ರಿ ತ್ರೀಫೇಸ್ ಕೊಟ್ಟಾಗ ಟಾರ್ಚ್ ಹಿಡಿದು, ಹಾವು ಹಂದಿಗಳ ಭಯದಲ್ಲಿ ಗದ್ದೆಗೆ ನೀರು ಕಟ್ಟಿದ ರೈತರಿಗೆ ಹಗಲು ಕರೆಂಟಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಬಿಸಿಲಿದ್ದಾಗಲೇ ನೀರು ಎತ್ತಬಹುದು. ಹೊಲಕ್ಕೆ ಬಿದ್ದ ನೀರು ಅಲ್ಲೇ ಉಳಿಯುತ್ತದೆ, ಬ್ಯಾಟರಿಯ ಗೊಡವೆಯೇ ಬೇಡ. ಕೃಷಿ ಫೀಡರುಗಳನ್ನು, ಅಂದರೆ ಪಂಪ್‌ಸೆಟ್ಟುಗಳಿಗೆ ಕರೆಂಟು ಒಯ್ಯುವ ಲೈನುಗಳನ್ನು, ಸೋಲಾರಿಗೆ ಜೋಡಿಸುವ ಕುಸುಮ್ ಯೋಜನೆಯ ತಿರುಳೂ ಇದೇ. ಪಂಪ್‌ಸೆಟ್ಟಿನ ಕಾಳುಗಳನ್ನು ರಾತ್ರಿಯಿಂದ ಮಧ್ಯಾಹ್ನದ ಮನೆಗಳಿಗೆ ರೈತರ ಕೈಯಿಂದಲೇ ಸರಿಸಿ. ಎಲ್ಲ ಕೆಲಸವನ್ನೂ ಹೀಗೆ ಸರಿಸಲು ಬರುವುದಿಲ್ಲ, ಸಂಜೆಯ ದೀಪವನ್ನು ಮಧ್ಯಾಹ್ನ ಹಚ್ಚುವಂತಿಲ್ಲ ಎಂಬುದೂ ಆಗ ಸ್ಪಷ್ಟವಾಗುತ್ತದೆ.

ಹೆಜ್ಜೆ 3: ನಾಲ್ಕು ಕಾಲಮ್ಮಿನ ಹಾಳೆ

ದೊಡ್ಡ ಹಾಳೆಯೊಂದನ್ನು ಗೋಡೆಗೆ ಅಂಟಿಸಿ. ಏನು ಸಿಗುತ್ತದೆ, ಯಾರಿಗೆ ಸಿಗುತ್ತದೆ, ಯಾರು ಏನು ಕಳೆದುಕೊಳ್ಳುತ್ತಾರೆ, ಕೊನೆಗೆ ಅವಶೇಷ ಎತ್ತುವವರು ಯಾರು? ಇವು ನಾಲ್ಕು ಕಾಲಮ್ಮುಗಳು. ಒಂದೊಂದು ಮೂಲಕ್ಕೆ ಒಂದೊಂದು ಸಾಲು. ಕಲ್ಲಿದ್ದಲಿನ ಸಾಲನ್ನು ಮರೆಯಬೇಡಿ. ಅದನ್ನು ಬಿಟ್ಟರೆ ಗಾಳಿ, ಬಿಸಿಲಿನ ತಪ್ಪುಗಳು ಮಾತ್ರ ಕಾಣುತ್ತವೆ. ಹೊರರಾಜ್ಯಗಳಿಂದ ರೈಲಿನಲ್ಲಿ ತರಿಸಿದ ಕಲ್ಲಿದ್ದಲು ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಉರಿಯಬೇಕು. ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಹಾರುಬೂದಿ ಸ್ಥಾವರದ ಸುತ್ತಲಿನವರ ಪಾಲಿಗೆ ಉಳಿಯುತ್ತದೆ.

ಸೋಲಾರಿನ ಸಾಲಿಗೆ ಪಾವಗಡವೇ ಪಾಠ. ಮೇಲಿಂದ ಮೇಲೆ ಬರ ಕಂಡ ತಾಲ್ಲೂಕು ಅದು. ತಿರುಮಣಿ, ವಳ್ಳೂರು ಸೇರಿ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಪಾರ್ಕ್ ಹರಡಿದೆ. ಸರ್ಕಾರ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಮಳೆ ಬರಲಿ ಬಿಡಲಿ ದುಡ್ಡು ಬರುತ್ತದೆ, ಜಮೀನು ರೈತನ ಹೆಸರಿನಲ್ಲೇ ಉಳಿಯುತ್ತದೆ. ಸ್ವಾಧೀನದ ಕಹಿ ಉಂಡ ನಾಡಿಗೆ ಇದು ನಿಜವಾಗಿಯೂ ಹೊಸ ದಾರಿ. ಆದರೆ ಮೂರನೇ ಕಾಲಮ್ಮಿಗೆ ಬನ್ನಿ. ಅದೇ ಹೊಲದಲ್ಲಿ ಶೇಂಗಾ ಕೀಳಲು ಕೂಲಿಗೆ ಹೋಗುತ್ತಿದ್ದ, ಸ್ವಂತಕ್ಕೆ ಗುಂಟೆಯೂ ಇಲ್ಲದ ಹೆಂಗಸಿಗೆ ಗುತ್ತಿಗೆ ಹಣದಲ್ಲಿ ಬಿಡಿಗಾಸೂ ಇಲ್ಲ. ಕುರಿ ಮೇಯುತ್ತಿದ್ದ ಬಯಲಿಗೆ ಬೇಲಿ ಬಿದ್ದರೆ ಕುರಿಗಾಹಿಗೆ ಪರಿಹಾರ ಕೊಡುವವರಿಲ್ಲ. ಪಹಣಿಯಲ್ಲಿ ಹೆಸರಿದ್ದವರಿಗೆ ಲಾಭ, ಬೆವರಷ್ಟೇ ಇದ್ದವರಿಗೆ ನಷ್ಟ. ಈ ಸಾಲನ್ನು ತುಂಬುವಾಗ ಸಭೆಯಲ್ಲಿ ಭೂಮಿಯಿಲ್ಲದವರು ಇರಲೇಬೇಕು, ಇಲ್ಲದಿದ್ದರೆ ಆ ಕಾಲಮ್ಮು ಖಾಲಿಯೇ ಉಳಿಯುತ್ತದೆ.

ನೀರಿನ ಸಾಲಿಗೆ ಬಂದಾಗ ಶರಾವತಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದರ ನೀರಿನಿಂದ ನಡೆಯುವ 1035 ಮೆಗಾವ್ಯಾಟಿನ ಶರಾವತಿ ಕೇಂದ್ರ ಇಂದಿಗೂ ಸಂಜೆಯ ಹೊತ್ತಿಗೆ ರಾಜ್ಯದ ಕೈಹಿಡಿಯುತ್ತದೆ. ಹೊಗೆಯಿಲ್ಲ, ಬೂದಿಯಿಲ್ಲ, ಬೇಕೆಂದಾಗ ಶುರು, ಬೇಡವೆಂದಾಗ ಬಂದ್. ಆದರೆ ಊರು, ತೋಟ, ದೇವರನ್ನು ಮುಳುಗಡೆಗೆ ಕೊಟ್ಟು ಎದ್ದುಬಂದ ಕುಟುಂಬಗಳಲ್ಲಿ ಎಷ್ಟೋ ಜನ ಹಕ್ಕುಪತ್ರಕ್ಕಾಗಿ ಇನ್ನೂ ಹೋರಾಡುತ್ತಿದ್ದಾರೆ. ಮೂರನೇ ತಲೆಮಾರಿಗೂ ಮುಗಿಯದ ಬಾಕಿ ಅದು. ಈಗ ಅದೇ ಕಣಿವೆಯಲ್ಲಿ, ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ, 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವಿದೆ. ಹೆಚ್ಚುವರಿ ವಿದ್ಯುತ್ ಇದ್ದಾಗ ನೀರನ್ನು ಮೇಲೆತ್ತುವುದು, ಸಂಜೆ ಕೆಳಗೆ ಬಿಡುವುದು. ಕಾಳಿನ ಆಟದಲ್ಲಿ ಕಂಡ ಖಾಲಿ ಮನೆಗಳನ್ನು ತುಂಬುವ ಉಪಾಯವೇ ಇದು. ನೂರು ಯೂನಿಟ್ ಸುರಿದರೆ ಎಪ್ಪತ್ತೈದರಿಂದ ಎಂಬತ್ತು ವಾಪಸ್ ಬರುತ್ತದೆ. ಆದರೆ ಜಾಗ ಸಿಂಗಳೀಕಗಳ ಅಭಯಾರಣ್ಯ, ಸುತ್ತ ಪಶ್ಚಿಮಘಟ್ಟದ ದಟ್ಟ ಕಾಡು. ಅಲ್ಲಿನವರ ವಿರೋಧ ಸುಮ್ಮನೆ ಹುಟ್ಟಿದ್ದಲ್ಲ. ನನ್ನನ್ನು ಕೇಳಿದರೆ, ಹಳೆಯ ಬಾಕಿ ತೀರಿಸದೆ ಅದೇ ಕಣಿವೆಯನ್ನು ಮತ್ತೊಮ್ಮೆ ಕೇಳುವುದು ನ್ಯಾಯವಲ್ಲ. ಸಭೆಯಲ್ಲಿ ಬೇರೆ ಅಭಿಪ್ರಾಯ ಬಂದರೆ ಅದನ್ನೂ ಹಾಳೆಯ ಮೇಲೆ ಬರೆಯಿರಿ.

ಗಾಳಿಯ ಸಾಲು ಚಿಕ್ಕದು. ಕಂಬದ ಬುಡಕ್ಕೆ ಜಾಗ ಕಡಿಮೆ ಸಾಕು, ಸುತ್ತ ಬೇಸಾಯ ಮುಂದುವರಿಸಬಹುದು. ಚಿತ್ರದುರ್ಗ, ಗದಗದ ಕಡೆ ಇದನ್ನು ಕಣ್ಣಾರೆ ನೋಡಬಹುದು. ಗುಡ್ಡದ ನೆತ್ತಿಗೆ ರೆಕ್ಕೆ ಸಾಗಿಸಲು ಅಗಲ ರಸ್ತೆ ಕಡಿಯಬೇಕಾಗುತ್ತದೆ, ಹತ್ತಿರದ ಮನೆಗಳಿಗೆ ಸದ್ದಿನ ಕಾಟ. ಗೋಬರ್ ಗ್ಯಾಸನ್ನೂ ಸೇರಿಸಿ: ಎರಡು ಘನಮೀಟರಿನ ಗುಂಡಿಗೆ ದಿನಕ್ಕೆ 50 ಕಿಲೋ ಸಗಣಿ ಬೇಕು. ಅದನ್ನು ಬಾಚಿ, ಕಲಸಿ, ಸುರಿಯುವವರು ಮನೆಯಲ್ಲಿ ಯಾರು ಎಂದು ಕೇಳಿ. ಹೆಂಗಸರು ನಕ್ಕರೆ ಉತ್ತರ ಸಿಕ್ಕಿತೆಂದೇ ಅರ್ಥ.

ಹೆಜ್ಜೆ 4: ಯಾರನ್ನು ಕರೆಯಬೇಕು

ವಿದ್ಯುತ್ ಕಂಪನಿಯ ಶಾಖಾಧಿಕಾರಿ ಬಂದರೆ ಒಳ್ಳೆಯದು, ಲೈನ್‌ಮನ್ ಬಂದರೆ ಇನ್ನೂ ಒಳ್ಳೆಯದು. ಯಾವ ಫೀಡರಿನಲ್ಲಿ ಎಷ್ಟು ಹೊತ್ತಿಗೆ ಲೋಡ್ ಬೀಳುತ್ತದೆ ಎಂಬುದು ಅವರ ಬೆರಳ ತುದಿಯಲ್ಲಿರುತ್ತದೆ. ಸುತ್ತಮುತ್ತ ಗುತ್ತಿಗೆಗೆ ಜಮೀನು ಕೊಟ್ಟ ರೈತರೊಬ್ಬರು, ಕೊಡಲು ಒಪ್ಪದವರೊಬ್ಬರು ಇರಲಿ. ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಸಭೆ ಇಟ್ಟುಕೊಂಡರೆ ಹೆಂಗಸರೂ ಬರುತ್ತಾರೆ.

ಹೆಜ್ಜೆ 5: ಈ ಪ್ರಶ್ನೆಗಳು ಬಂದೇ ಬರುತ್ತವೆ

‘ಮನೆಗೆ ಸೋಲಾರ್ ಹಾಕಿಸಿದರೆ ಕರೆಂಟ್ ಹೋದಾಗಲೂ ದೀಪ ಉರಿಯುತ್ತದಲ್ಲ?’ ಇಲ್ಲ. ಬ್ಯಾಟರಿಯಿಲ್ಲದೆ ಲೈನಿಗೆ ಜೋಡಿಸಿದ ವ್ಯವಸ್ಥೆ, ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಹಾಗೆ ನಿಲ್ಲದಿದ್ದರೆ, ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ತಾರಸಿಯ ಕರೆಂಟೇ ಹೊಡೆದೀತು. ಎಷ್ಟೋ ಮನೆಯವರಿಗೆ ಇದು ಗೊತ್ತಾಗುವುದು ದುಡ್ಡು ಕೊಟ್ಟ ಮೇಲೆ.

‘ಸಬ್ಸಿಡಿ ಎಷ್ಟು?’ ಕೇಂದ್ರದ ಸೂರ್ಯ ಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕಿಂತ ಹೆಚ್ಚಿದ್ದರೆ 78,000 ರೂಪಾಯಿ. ಆದರೆ ಗೃಹಜ್ಯೋತಿಯಲ್ಲಿ ಈಗಾಗಲೇ ಸೊನ್ನೆ ಬಿಲ್ ಬರುವ ಮನೆಗೆ ಉಳಿತಾಯವಾಗುವ ದುಡ್ಡು ತೀರಾ ಕಡಿಮೆ. ಸಾಲ ಮಾಡಿ ಹಾಕಿಸುವ ಮೊದಲು ಒಂದು ವರ್ಷದ ಬಿಲ್ಲುಗಳನ್ನು ಮುಂದಿಟ್ಟು ಲೆಕ್ಕ ಹಾಕಲಿ.

‘ಗಾಳಿ ಫ್ಯಾನು ಮೋಡ ಓಡಿಸುತ್ತದಾ?’ ನಗಬೇಡಿ, ಬರದಲ್ಲಿ ಬೆಂದವರ ಪ್ರಶ್ನೆ ಇದು. ಕಂಬದ ಎತ್ತರ ನೂರು ಮೀಟರಿನ ಆಸುಪಾಸು, ಮಳೆಯ ಮೋಡ ಬೆಳೆಯುವುದು ಕಿಲೋಮೀಟರುಗಟ್ಟಲೆ ಎತ್ತರಕ್ಕೆ. ಮಳೆಯನ್ನು ತಡೆಯುವ ಶಕ್ತಿ ಆ ರೆಕ್ಕೆಗಳಿಗಿಲ್ಲ.

‘ಹಳೆಯ ಪ್ಯಾನೆಲ್ ಏನು ಮಾಡುವುದು?’ ಆಯುಷ್ಯ ಸುಮಾರು 25 ವರ್ಷ. 2022ರ ಇ-ತ್ಯಾಜ್ಯ ನಿಯಮಗಳಲ್ಲಿ ಸೌರ ಫಲಕಗಳೂ ಸೇರಿವೆ. ಗುಜರಿಗೆ ಹಾಕಿ ಒಡೆಸುವುದು, ಕೆರೆ ದಂಡೆಯಲ್ಲಿ ಸುರಿಯುವುದು ಕೂಡದು.

ಹೆಜ್ಜೆ 6: ಹಾಳೆಯನ್ನು ಪಂಚಾಯಿತಿಗೆ ತಲುಪಿಸಿ

ಸಭೆ ಮುಗಿದ ಮೇಲೆ ಹಾಳೆಯ ಫೋಟೊ ತೆಗೆದು ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ. ಜಮೀನು ಕೇಳಿಕೊಂಡು ಬರುವವರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಅದರಿಂದಲೇ ಆರಿಸಿ ಬೇರೆ ಬರೆಯಿರಿ: ಬಾಡಿಗೆ ಎಷ್ಟು ವರ್ಷಕ್ಕೊಮ್ಮೆ, ಎಷ್ಟು ಏರುತ್ತದೆ? ಕಂಪನಿ ಕೈ ಬದಲಾದರೆ ಕರಾರು ಉಳಿಯುತ್ತದೆಯೇ? ಪ್ಯಾನೆಲ್ ತೊಳೆಯಲು ನೀರು ಎಲ್ಲಿಂದ? ದನಕರುಗಳ ದಾರಿ ತೆರೆದಿರುತ್ತದೆಯೇ? ಕೂಲಿಯವರಿಗೆ ಎಷ್ಟು ಕೆಲಸ, ಎಷ್ಟು ಕಾಲ? ಅವಧಿ ಮುಗಿದ ಮೇಲೆ ಕಾಂಕ್ರೀಟ್ ಕಿತ್ತು ಹೊಲವನ್ನು ಉಳುವಂತೆ ಮಾಡಿಕೊಡುವವರು ಯಾರು? ಈ ಪಟ್ಟಿಗೆ ಬಂದವರೆಲ್ಲರ ಸಹಿ ಹಾಕಿಸಿ, ಒಂದು ಪ್ರತಿಯನ್ನು ಪಿಡಿಒ ಅವರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದಿನ ಗ್ರಾಮಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ.