ಮೇಟಿ ಕಿತ್ತ ಮೇಲೆ ಕುದುರೆ ಸುತ್ತಿತು

"ಕುದ್ರೇನ ಗಾಣದೆತ್ತು ಮಾಡ್ಬೇಡ ಮಾರಾಯ, ಮೇಲೆ ಹತ್ತಿ ಓಡ್ಸು, ಸರಿಹೋಗುತ್ತೆ" ಅಂದಿದ್ದರು ಚಿಕ್ಕಪ್ಪ, ನಾನು ಕುದುರೆಯನ್ನು ಲಂಜ್ ಮಾಡಲು, ಅಂದರೆ ಉದ್ದ ಹಗ್ಗ ಕಟ್ಟಿ ಸುತ್ತಲೂ ಓಡಿಸಿ ಪಳಗಿಸಲು, ಹೊರಟಾಗ. ಚಿಕ್ಕಮಗಳೂರಿನ ಆಲ್ದೂರು ಕಡೆ ಕುದುರೆ ಸಾಕುವ ಇನ್ನಿಬ್ಬರದ್ದೂ ಅದೇ ಮಾತು. ನನ್ನದು ರೇಸಿನಿಂದ ಬಿಟ್ಟ ಹೆಣ್ಣು ಕುದುರೆ. ಜೀನು ಬಿಗಿದರೆ ಸಾಕು, ಬೆನ್ನು ಬಿಲ್ಲಾಗುತ್ತಿತ್ತು. ಈಗ ಬಾಯಿಮಾತಿಗೇ ವಾಕ್ (ನಡಿಗೆ), ಟ್ರಾಟ್ (ಕುಲುಕು ಓಟ), ಕ್ಯಾಂಟರ್ (ಅದಕ್ಕಿಂತ ಜೋರಿನ ನೆಗೆತದ ಓಟ) ಮೂರನ್ನೂ ಎರಡೂ ಕಡೆಗೆ ಮಾಡುತ್ತದೆ. ಎಂಟು ತಿಂಗಳು ಹಿಡಿಯಿತು.

ಮೊದಲು ಕಾಫಿ ಕಣದಲ್ಲಿ ಲಂಜ್ ಮಾಡಿದೆ. ಸಿಮೆಂಟು, ಸಮತಟ್ಟು, ಖಾಲಿ ಬಿದ್ದಿತ್ತು. ಮೂರನೇ ದಿನ ತಿರುವಿನಲ್ಲಿ ಜಾರಿ ಮುಂಗಾಲಿನ ನರ ಊದಿತು. ಡಾಕ್ಟರು, ಬ್ಯಾಂಡೇಜು, ಔಷಧಿ ಸೇರಿ ಏಳು ಸಾವಿರ ಚಿಲ್ಲರೆ. ಐದು ವಾರ ಲಾಯದಲ್ಲೇ.

ಆಮೇಲೆ ಕೊಯ್ಲಾದ ಗದ್ದೆಯಲ್ಲಿ ಒಕ್ಕಣೆಯ ಹಾಗೆ ನಡುವೆ ಮೇಟಿ ನೆಟ್ಟು ಹಗ್ಗ ಕಟ್ಟಿದೆ. ಅದು ಶುದ್ಧ ತಪ್ಪು. ಹಗ್ಗ ಕಂಬಕ್ಕೆ ಸುತ್ತಿಕೊಳ್ಳುತ್ತಾ ಸುತ್ತು ಕಿರಿದಾಯಿತು, ಕುದುರೆ ಹೆದರಿ ಎದ್ದು ಮೊಣಕಾಲು ಕಂಬಕ್ಕೆ ಬಡಿಯಿತು. ಅಂದೇ ಮೇಟಿ ಕಿತ್ತು ಅಲ್ಲಿ ನಾನೇ ನಿಂತೆ. ನಿಂತು ಮಾಡಿದ ಮೊದಲ ಕೆಲಸ, ಹಗ್ಗವನ್ನು ಕೈಗೆ ಸುತ್ತಿಕೊಂಡದ್ದು! ಹತ್ತು ಮಾರು ಎಳೆದೊಯ್ದಿತು, ಎರಡು ಬೆರಳಿನ ಚರ್ಮ ಹೋಯಿತು. ಈಗ ಹಗ್ಗವನ್ನು ಹಿಂದೆ ಮುಂದೆ ಮಡಿಚಿ ಅಂಗೈಯಲ್ಲಿ ಹಿಡಿಯುತ್ತೇನೆ, ಗ್ಲೌಸ್ ಇಲ್ಲದೆ ರಿಂಗಿಗೆ, ಅಂದರೆ ಕುದುರೆ ಸುತ್ತಲು ಆಮೇಲೆ ಕಟ್ಟಿಸಿದ ದುಂಡು ಬೇಲಿಯೊಳಕ್ಕೆ, ಇಳಿಯುವುದಿಲ್ಲ.

ರಿಂಗು ಸುಮಾರು 20 ಮೀಟರ್ ಅಗಲ. ಅದಕ್ಕಿಂತ ಕಿರಿದಾದರೆ ಕೀಲಿಗೆ ಪೆಟ್ಟು. ತೋಟದ ಸಿಲ್ವರ್ ಓಕ್ ಕಂಬ, ಅಡಿಕೆ ದಬ್ಬೆ, ಟ್ರ್ಯಾಕ್ಟರಿನಲ್ಲಿ ತರಿಸಿದ ಮರಳು, ಕೂಲಿ ಎಲ್ಲ ಸೇರಿ ಇಪ್ಪತ್ತೆರಡು ಸಾವಿರದ ಆಸುಪಾಸು. ಮರಳು ಉಳಿಸೋಣವೆಂದು ಒಂದು ಮೂಲೆಗೆ ಕಾಫಿ ಸಿಪ್ಪೆ ಹರಡಿ ನೋಡಿದ್ದೆ. ಒಣಗಿದ್ದಾಗ ಮೆತ್ತಗಿತ್ತು, ಒಂದು ಮಳೆಗೆ ಕೊಳೆತು ಲೋಳೆಯಾಯಿತು, ಮೇಲಾಗಿ ಕುದುರೆ ಅದಕ್ಕೆ ಬಾಯಿ ಹಾಕತೊಡಗಿತು. ಗೋರಿ ತೆಗೆಸಿದೆ. ಕ್ಯಾವೆಸನ್‌ಗೆ (ಹಗ್ಗವನ್ನು ಮೂಗಿನ ಮೇಲೆ ಸಿಕ್ಕಿಸುವ ತಲೆಪಟ್ಟಿ) ನಾಲ್ಕೂವರೆ ಸಾವಿರ ಕೊಟ್ಟದ್ದಕ್ಕೆ ಮನೆಯಲ್ಲಿ ಮಾತು ಕೇಳಿದೆ, ಆದರೆ ಹಗ್ಗವನ್ನು ಲಗಾಮಿಗೆ ಸಿಕ್ಕಿಸಿ ಬಾಯಿ ಕೆಡಿಸಿದ ಕುದುರೆಗಳನ್ನು ಕಂಡಿದ್ದೇನೆ.

ಇಷ್ಟಾದರೂ ಅದು ಒಳಕ್ಕೆ ತಿರುಗಿ ನಿಂತುಬಿಡುತ್ತಿತ್ತು. ನಾನು ಚಾವಟಿ ಬೀಸುವೆ, ಅದು ಒದೆಯುವುದು. ಒಂದು ಬೆಳಿಗ್ಗೆ ನನ್ನ ಹೆಜ್ಜೆ ಗುರುತು ನೋಡಿದೆ: ಎಲ್ಲವೂ ಅದರ ಹೆಗಲಿಗಿಂತ ಮುಂದೆ! ದಾರಿಗೆ ಅಡ್ಡ ನಿಂತು ಹೋಗು ಹೋಗು ಅನ್ನುತ್ತಿದ್ದೆ. ಮರುದಿನ ನನ್ನ ಹೊಕ್ಕುಳು ಅದರ ಹೊಟ್ಟೆಪಟ್ಟಿಗಿಂತ (ಜೀನು ಬಿಗಿಯುವ ಪಟ್ಟಿ) ತುಸು ಹಿಂದಕ್ಕೆ ನೇರವಾಗುವಂತೆ ನಿಂತೆ. ಚಾವಟಿಯ ತುದಿ ಹಿಂಗಾಲಿನ ಕಡೆಗೆ, ನೆಲಕ್ಕೆ ತಗ್ಗಿ. ಸುಮ್ಮನೆ ಹೊರಟಿತು. ನಾಲ್ಕನೇ ಸುತ್ತಿಗೆ ಒಳಗಿವಿ ನನ್ನ ಕಡೆ ತಿರುಗಿತು, ಕತ್ತು ಇಳಿಯಿತು, ಉದ್ದಕ್ಕೆ ಒಂದು ಉಸಿರು ಬಿಟ್ಟು ಬಾಯಿ ಜಗಿಯತೊಡಗಿತು. ನನಗೆ ಕಣ್ಣು ತುಂಬಿತು. ಅಲ್ಲಿಗೇ ನಿಲ್ಲಿಸಿ ಲಾಯಕ್ಕೆ ಕರೆದೊಯ್ದೆ.

ಈಗಲೂ ಒಂದು ಕಡೆಗೆ ಎಂಟು ನಿಮಿಷ, ಇನ್ನೊಂದು ಕಡೆಗೆ ಎಂಟು, ಅಷ್ಟೇ. ನಿಧಾನ ಮಾಡಬೇಕಾದರೆ ಹಗ್ಗ ಜಗ್ಗುವುದಿಲ್ಲ, ಅದರ ಹೆಗಲಿನ ಕಡೆ ನಾನೇ ಒಂದು ಹೆಜ್ಜೆ ಇಡುತ್ತೇನೆ. ಕ್ಯಾಂಟರ್‌ನಿಂದ ನೇರ ವಾಕ್‌ಗೆ ಇಳಿಸಲು ಬಾಯಲ್ಲಿ ಒಂದು ಸದ್ದು ಮಾಡುತ್ತೇನೆ. ಅದನ್ನು ಬರೆಯುವುದಿಲ್ಲ, ಬಂದವರಿಗೆ ತೋರಿಸುತ್ತೇನೆ.

ಹೋದ ವಾರ ಚಿಕ್ಕಪ್ಪ ತಮ್ಮ ಕುದುರೆಯನ್ನೂ ಕಳಿಸಿದ್ದಾರೆ. ಬಲಕ್ಕೆ ಚೆನ್ನಾಗಿ ಸುತ್ತುತ್ತದೆ, ಎಡಕ್ಕೆ ಇನ್ನೂ ಹೆಗಲನ್ನು ಸುತ್ತಿನ ಒಳಕ್ಕೆ ವಾಲಿಸುತ್ತದೆ.