ಡಕ್ಕಾ, ಬೀವರ್ರಾ? ಒರೆಗಾನ್‌ಗೆ ಹೊಸದಾಗಿ ಬಂದವರಿಗೆ

ಪೋರ್ಟ್‌ಲ್ಯಾಂಡ್ ಕಡೆಗೆ ಬಂದ ಮೊದಲ ವಾರದಲ್ಲೇ ಆಫೀಸಿನಲ್ಲಿ ಯಾರಾದರೂ ನಿಮ್ಮನ್ನು ಕೇಳುತ್ತಾರೆ: "ನೀವು ಡಕ್ಕಾ, ಬೀವರ್ರಾ?" ನಾನು ಬಂದ ಹೊಸದರಲ್ಲಿ ಇದೇನೋ ಊಟದ ವಿಷಯ ಅಂದುಕೊಂಡು "ನಾನು ವೆಜಿಟೇರಿಯನ್" ಅಂದಿದ್ದೆ. ಕೇಳಿದವನು ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾನೆ.

ಡಕ್ಸ್ ಅಂದರೆ ಯೂಜೀನ್ ಊರಿನ ಯೂನಿವರ್ಸಿಟಿ ಆಫ್ ಒರೆಗಾನ್ ತಂಡ. ಹಸಿರು, ಹಳದಿ. ಬೀವರ್ಸ್ ಅಂದರೆ ಕೊರ್ವಾಲಿಸ್‌ನ ಒರೆಗಾನ್ ಸ್ಟೇಟ್ ತಂಡ. ಕಿತ್ತಳೆ, ಕಪ್ಪು. ಎರಡೂ ಊರಿಗೆ ಸುಮಾರು 40 ಮೈಲಿ ಅಂತರ. 1894ರಿಂದ ಇವರಿಬ್ಬರ ನಡುವೆ ಫುಟ್‌ಬಾಲ್ ನಡೆಯುತ್ತಿದೆ. ಇಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವ ಆಟ. ಕಾಲಲ್ಲಿ ಒದೆಯುವುದಕ್ಕೆ ಸಾಕರ್ ಅನ್ನುತ್ತಾರೆ.

ನಮ್ಮೂರಲ್ಲಿ ಕಾಲೇಜು ಆಟ ಅಂದರೆ ಏನು? ಚೆನ್ನಾಗಿ ಆಡಿದವನು ಯೂನಿವರ್ಸಿಟಿ ಬ್ಲೂ ಆಗುತ್ತಾನೆ. ಒಂದು ಬ್ಲೇಜರ್, ಅದೃಷ್ಟ ಇದ್ದರೆ ಸ್ಪೋರ್ಟ್ಸ್ ಕೋಟಾದಲ್ಲಿ ಒಂದು ಸೀಟು. ನೋಡಲು ಬರುವವರು ನಾಲ್ಕು ಗೆಳೆಯರು ಮತ್ತು ಪಿ.ಇ. ಮೇಷ್ಟ್ರು. ಇಲ್ಲಿ ಯೂಜೀನ್‌ನ ಆಟ್ಜೆನ್ ಸ್ಟೇಡಿಯಂನಲ್ಲಿ 54,000 ಸೀಟಿವೆ. ಅದೂ ತುಂಬುತ್ತದೆ. ಮೊದಲ ಸಲ ನೋಡಿದಾಗ ಇವರೆಲ್ಲ ಕಾಲೇಜು ಹುಡುಗರಾ ಅಂತ ನನಗೆ ಅನುಮಾನ ಬಂದಿತ್ತು.

ಇದರ ಜೊತೆಗೆ 'ಕಾನ್ಫರೆನ್ಸ್' ಎಂಬ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಅದು ಆಫೀಸಿನ ಕಾನ್ಫರೆನ್ಸ್ ಅಲ್ಲ. ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಗುಂಪು. ಹಿಂದೆ ರೈಲಿನಲ್ಲೋ ಬಸ್ಸಿನಲ್ಲೋ ಹೋಗಿ ಆಡಿ ಬರುವಷ್ಟು ದೂರದ ಕಾಲೇಜುಗಳು ಸೇರಿ ಕಟ್ಟಿಕೊಂಡದ್ದು. ಊರಲ್ಲಿ ನಮ್ಮವರು ಬಾಯಿ ತುಂಬ ಹೇಳುವ ಐವಿ ಲೀಗ್ ಕೂಡ ಅಂಥದ್ದೇ. 1954ರಲ್ಲಿ ಎಂಟು ಕಾಲೇಜುಗಳು ಆಟಕ್ಕೆಂದು ಮಾಡಿಕೊಂಡ ಒಪ್ಪಂದ ಅದು. ಇದನ್ನು ನಮ್ಮ ಮಾವನವರಿಗೆ ಹೇಳಿದೆ. ಅವರು ನಂಬಲೇ ಇಲ್ಲ.

ನಮ್ಮ ಪೆಸಿಫಿಕ್ ಕರಾವಳಿಯ ಗುಂಪು ಹುಟ್ಟಿದ್ದು 1915ರಲ್ಲಿ, ಪೋರ್ಟ್‌ಲ್ಯಾಂಡ್‌ನ ಒಂದು ಹೋಟೆಲಿನಲ್ಲಿ. ಮೊದಲ ನಾಲ್ಕು ಸದಸ್ಯರಲ್ಲಿ ಎರಡು ಈ ಡಕ್ಸ್ ಮತ್ತು ಬೀವರ್ಸ್ ಕಾಲೇಜುಗಳೇ. ನಡುವೆ ಒಮ್ಮೆ ಒಡೆದು, ಮತ್ತೆ ಕಟ್ಟಿಕೊಂಡು, ಬೆಳೆದು ಅದು ಪ್ಯಾಕ್-12 ಆಯಿತು. ನೀವು ಬರುವಷ್ಟರಲ್ಲಿ ಆ ಮನೆ ಪಾಲಾಗಿ ಹೋಗಿದೆ. ಯಾಕೆ ಅಂತ ಗೊತ್ತಿದ್ದರೆ ಇಲ್ಲಿನವರ ಅರ್ಧ ಮಾತು ಅರ್ಥವಾಗುತ್ತದೆ.

ಬಹಳ ಕಾಲ ಯಾವ ಕಾಲೇಜು ಎಷ್ಟು ಸಲ ಟಿವಿಯಲ್ಲಿ ಬರಬೇಕು ಎಂದು ಎನ್‌ಸಿಎಎ ಎಂಬ, ಕಾಲೇಜು ಆಟಗಳನ್ನು ನೋಡಿಕೊಳ್ಳುವ ಸಂಸ್ಥೆ ಹೇಳುತ್ತಿತ್ತು. ಮನೆಯಲ್ಲೇ ನೋಡಲು ಸಿಕ್ಕರೆ ಜನ ಟಿಕೆಟ್ ಕೊಳ್ಳುವುದಿಲ್ಲ ಎಂಬ ಭಯ. ಒಕ್ಲಹೋಮ, ಜಾರ್ಜಿಯಾ ಯೂನಿವರ್ಸಿಟಿಗಳು ಕೋರ್ಟಿಗೆ ಹೋದವು. 1984ರಲ್ಲಿ ಸುಪ್ರೀಂ ಕೋರ್ಟ್ 7-2ರಲ್ಲಿ ಅವರ ಪರ ತೀರ್ಪು ಕೊಟ್ಟಿತು. ಅಲ್ಲಿಂದ ಮುಂದೆ ಟಿವಿ ಹಕ್ಕು ಮಾರುವ ಅಧಿಕಾರ ಕಾಲೇಜುಗಳ, ಅವುಗಳ ಗುಂಪುಗಳ ಕೈಗೆ ಬಂತು. ಮಾರುವವರು ಗುಂಪಾಗಿ ಮಾರಿದರೆ ಬೆಲೆ ಜಾಸ್ತಿ, ಅಲ್ವಾ? ಯಾರ ಪಕ್ಕ ಕೂತರೆ ಪಾಲು ದೊಡ್ಡದಾಗುತ್ತದೆ ಎಂಬ ಲೆಕ್ಕ ಶುರುವಾದದ್ದು ಹಾಗೆ.

ಆ ಲೆಕ್ಕದಲ್ಲಿ ಎಲ್ಲರಿಗಿಂತ ಚುರುಕು ಬಿಗ್ ಟೆನ್ ಎಂಬ ಗುಂಪು. 1896ರಷ್ಟು ಹಳೆಯದು. ಹೆಸರಲ್ಲಿ ಹತ್ತು, ಒಳಗೆ ಹದಿನೆಂಟು! 2007ರಲ್ಲಿ ಇವರು ತಮ್ಮದೇ ಚಾನೆಲ್ ಶುರು ಮಾಡಿದರು. ಗುಂಪಿನ ಕಾಲೇಜು ಇರುವ ರಾಜ್ಯಗಳಲ್ಲಿ ಕೇಬಲ್ ಇರುವ ಮನೆಯವರ ತಿಂಗಳ ಬಿಲ್ಲಿನಲ್ಲಿ ಒಂದಿಷ್ಟು ದುಡ್ಡು ಈ ಚಾನೆಲ್ಲಿಗೆ ಹೋಗುತ್ತದೆ. ನೋಡಿದರೂ ಸರಿ, ನೋಡದಿದ್ದರೂ ಸರಿ. ಹಾಗಾದರೆ ಜನ ತುಂಬಿದ ಕಡೆಯ ಕಾಲೇಜು ಬೇಕಲ್ಲ? 2014ರಲ್ಲಿ ಮೇರಿಲ್ಯಾಂಡ್ ಮತ್ತು ನ್ಯೂಜೆರ್ಸಿಯ ರಟ್ಗರ್ಸ್ ಒಳಗೆ ಬಂದವು. ರಟ್ಗರ್ಸ್ ಫುಟ್‌ಬಾಲ್ ಅಂಥ ಹೇಳಿಕೊಳ್ಳುವಂಥದ್ದೇನಲ್ಲ. ಗಂಡಿನ ಗುಣ ನೋಡಲಿಲ್ಲ, ಅವರಪ್ಪನ ತೋಟ ನೋಡಿದರು. ನ್ಯೂಯಾರ್ಕ್ ಸುತ್ತಮುತ್ತಲಿನ ಮನೆಗಳೇ ಆ ತೋಟ. ನಿಮ್ಮ ನೆಂಟರು ಎಡಿಸನ್‌ನಲ್ಲಿದ್ದರೆ ಪಕ್ಕದ ಪಿಸ್ಕಾಟವೇ ಗೊತ್ತಿರಬೇಕು. ರಟ್ಗರ್ಸ್ ಸ್ಟೇಡಿಯಂ ಇರುವುದು ಅಲ್ಲೇ.

ನಮ್ಮ ಪ್ಯಾಕ್-12 ಕೂಡ 2012ರಲ್ಲಿ ಚಾನೆಲ್ ಮಾಡಿತು. ಆದರೆ ದೊಡ್ಡ ಕಂಪನಿಯ ಜೊತೆ ಸೇರದೆ ಒಂಟಿಯಾಗಿ ಮಾಡಿತು. ಡಿಶ್ ಮೂಲಕ ಚಾನೆಲ್ ಕೊಡುವ ಡೈರೆಕ್ಟ್‌ಟಿವಿ ಕಂಪನಿ ಅದನ್ನು ಕೊನೆವರೆಗೂ ಹಾಕಿಕೊಳ್ಳಲೇ ಇಲ್ಲ. ನಮ್ಮ ಬೀದಿಯಲ್ಲೇ ಎಷ್ಟೋ ಜನ ತಮ್ಮ ತಂಡದ ಆಟ ನೋಡಲು ಪಕ್ಕದ ಮನೆಗೆ ಹೋಗುತ್ತಿದ್ದರು.

2022ರ ಜೂನ್ ಕೊನೆಯಲ್ಲಿ ಲಾಸ್ ಏಂಜಲೀಸ್‌ನ ಯುಎಸ್‌ಸಿ ಮತ್ತು ಯುಸಿಎಲ್‌ಎ ಬಿಗ್ ಟೆನ್‌ಗೆ ಹೋಗುತ್ತೇವೆ ಅಂದವು. ಆಗಸ್ಟ್‌ನಲ್ಲಿ ಬಿಗ್ ಟೆನ್ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಎಂಬ ಟಿವಿ ಕಂಪನಿಗಳ ಜೊತೆ ಏಳು ವರ್ಷಕ್ಕೆ 700 ಕೋಟಿ ಡಾಲರಿಗೂ ಮೀರಿದ ಒಪ್ಪಂದ ಮಾಡಿಕೊಂಡಿತು. ಹೋಲಿಸಲು ಬೇಕಿದ್ದರೆ, 2023ರಿಂದ 2027ರವರೆಗಿನ ಐಪಿಎಲ್ ಹಕ್ಕು ಹೋದದ್ದು 48,390 ಕೋಟಿ ರೂಪಾಯಿಗೆ. ಹೆಚ್ಚುಕಮ್ಮಿ ಒಂದೇ ತೂಕ. ಒಂದು ಕಡೆ ಕೊಹ್ಲಿ, ಇನ್ನೊಂದು ಕಡೆ ಕಾಲೇಜು ಹುಡುಗರು.

ಲಾಸ್ ಏಂಜಲೀಸ್ ಹೋದ ಮೇಲೆ ಪ್ಯಾಕ್-12ಗೆ ಗಿರಾಕಿ ಸಿಗಲಿಲ್ಲ. ಕೊನೆಗೆ ಆಪಲ್ ಕಂಪನಿ ಮುಂದೆ ಬಂತು. ಟಿವಿ ಚಾನೆಲ್ಲಲ್ಲ, ಆ್ಯಪ್‌ನಲ್ಲಿ. ಚಂದಾದಾರರು ಹೆಚ್ಚಿದರೆ ದುಡ್ಡು ಹೆಚ್ಚು ಎಂಬ ಷರತ್ತು. 2023ರ ಆಗಸ್ಟ್ 4, ಶುಕ್ರವಾರ. ಬೆಳಗ್ಗೆ ಎಲ್ಲರೂ ಸಹಿ ಹಾಕುತ್ತಾರೆ ಎಂದು ಸುದ್ದಿ. ಸಂಜೆಯೊಳಗೆ ಡಕ್ಸ್ ಮತ್ತು ಸಿಯಾಟಲ್‌ನ ವಾಷಿಂಗ್ಟನ್ ಬಿಗ್ ಟೆನ್ ಸೇರಿದ್ದವು. ಅದೂ ಪೂರ್ತಿ ಪಾಲಿಗಲ್ಲ, ಸುಮಾರು ಅರ್ಧ ಪಾಲಿಗೆ. ಅದೇ ದಿನ ಇನ್ನೂ ಮೂವರು ಬಿಗ್ 12 ಎಂಬ ಬೇರೊಂದು ಗುಂಪಿನ ಕಡೆ ನಡೆದರು. ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಸೇರಿದ ಗುಂಪಿನ ಹೆಸರು ಅಟ್ಲಾಂಟಿಕ್ ಕೋಸ್ಟ್! ಭೂಗೋಳದ ಮೇಷ್ಟ್ರು ಇದ್ದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಉಳಿದವರು ಇಬ್ಬರೇ. ಪುಲ್‌ಮನ್‌ನ ವಾಷಿಂಗ್ಟನ್ ಸ್ಟೇಟ್ ಮತ್ತು ನಮ್ಮ ಕೊರ್ವಾಲಿಸ್. ಸಣ್ಣ ಊರುಗಳು. ಟಿವಿ ಮನೆ ಕಡಿಮೆ. ಆಟದಲ್ಲಿ ಕೊರತೆ ಇರಲಿಲ್ಲ. ಆಗ ನನ್ನ ಮಗಳು ಕೊರ್ವಾಲಿಸ್‌ನಲ್ಲಿ ಎರಡನೇ ವರ್ಷ. ಅಲ್ಲಿನ ರೀಸರ್ ಸ್ಟೇಡಿಯಂನ ಒಂದು ಬದಿಯನ್ನು ಸುಮಾರು 16 ಕೋಟಿ ಡಾಲರ್ ಹಾಕಿ ಹೊಸದಾಗಿ ಕಟ್ಟಿಸಿ ಮುಗಿಸಿದ್ದು ಅದೇ ವರ್ಷ. ಮದುವೆಗೆಂದು ಛತ್ರ ಕಟ್ಟಿಸಿದ ಮೇಲೆ ಬೀಗರು ಎದ್ದು ಹೋದ ಹಾಗೆ. ಅವತ್ತು ಅವಳು ಫೋನಿನಲ್ಲಿ ಅತ್ತಳು. ಆಟಕ್ಕೆ ಅಳುತ್ತಾರಾ ಅಂತ ನಾನು ಬೈದೆ. ಬೈಯಬಾರದಿತ್ತು.

ಆದರೆ ಈ ಇಬ್ಬರು ಸುಮ್ನೆ ಕೂರಲಿಲ್ಲ. ಮನೆ ಬಿಟ್ಟು ಹೊರಟವರಿಗೆ ಪೆಟ್ಟಿಗೆಯ ಬೀಗದ ಕೈ ಯಾಕೆ ಎಂದು ಕೋರ್ಟಿಗೆ ಹೋಗಿ, ಗುಂಪಿನ ಹೆಸರು, ಉಳಿದ ದುಡ್ಡು, ಅಧಿಕಾರ ಮೂರನ್ನೂ ಉಳಿಸಿಕೊಂಡರು. ಎರಡು ವರ್ಷ ಇಬ್ಬರೇ ಪ್ಯಾಕ್-12. 2025ರಲ್ಲಿ ಯಾವ ಗುಂಪಿನಲ್ಲೂ ಆಡದೆ ಬೀವರ್ಸ್ ಬೇಸ್‌ಬಾಲ್ ತಂಡ ಒಮಾಹಾದ ಕಾಲೇಜ್ ವರ್ಲ್ಡ್ ಸೀರೀಸ್‌ಗೆ, ಅಂದರೆ ದೇಶದ ಅಂತಿಮ ಸುತ್ತಿಗೆ ಹೋಯಿತು. 2026ರಿಂದ ಬಾಯ್ಸಿ ಸ್ಟೇಟ್, ಸ್ಯಾನ್ ಡಿಯಾಗೋ ಸ್ಟೇಟ್ ಮೊದಲಾದವರನ್ನು ಸೇರಿಸಿಕೊಂಡು ಹೊಸ ಗುಂಪು. ನಾನು ಬೀವರ್ ಪಕ್ಷ. ಮುಚ್ಚಿಡುವುದೇನಿದೆ.

ಯೂಜೀನ್‌ನವರ ನ್ಯಾಯವನ್ನೂ ಹೇಳಬೇಕು. ಫುಟ್‌ಬಾಲ್ ದುಡ್ಡಿನಿಂದಲೇ ಅವರ ಉಳಿದ ಆಟಗಳೂ ನಡೆಯಬೇಕು. ಸೇರಿದ ಮೊದಲ ವರ್ಷವೇ ಡಕ್ಸ್ ಬಿಗ್ ಟೆನ್ ಗೆದ್ದರು. ಆದರೆ ಆ ದುಡ್ಡಿಗೆ ವಾಲಿಬಾಲ್, ಸಾಕರ್ ಆಡುವ ಹುಡುಗಿಯರು ವಾರದ ನಡುವೆ ದೇಶದ ಆ ತುದಿಗೆ ಹಾರಿ, ಮೂರು ಗಂಟೆಯ ಕಾಲವ್ಯತ್ಯಾಸ ತಿಂದು, ಬಂದು ಪರೀಕ್ಷೆ ಬರೆಯಬೇಕು. ಅವರ ಆಟಕ್ಕೆ ಟಿವಿಯವರು ಕೊಡುವುದು ಪುಡಿಗಾಸು.

ಇನ್ನು ನಿಮ್ಮ ದಿನನಿತ್ಯಕ್ಕೆ ಬರೋಣ. ಸೆಪ್ಟೆಂಬರ್‌ನಿಂದ ನವೆಂಬರ್ ಕೊನೆವರೆಗೆ ಯೂಜೀನ್ ಅಥವಾ ಕೊರ್ವಾಲಿಸ್‌ಗೆ ಶನಿವಾರ ಹೋಗುವ ಮುಂಚೆ ಆಟದ ಪಟ್ಟಿ ನೋಡಿ. ತವರಿನ ಆಟ ಇದ್ದರೆ ಹೋಟೆಲ್ ರೇಟು ಎರಡು ಮೂರು ಪಟ್ಟು. ಐ-5 ರಸ್ತೆ ಜಾಮ್. ತಮಾಷೆ ಏನೆಂದರೆ ಆಟದ ದಿನ ತಿಂಗಳ ಮುಂಚೆ ಗೊತ್ತಿರುತ್ತದೆ, ಗಂಟೆ ಗೊತ್ತಿರುವುದಿಲ್ಲ. ಅನೇಕ ಆಟಗಳ ಸಮಯವನ್ನು ಟಿವಿಯವರು ಹನ್ನೆರಡು ದಿನ ಮುಂಚೆ, ಕೆಲವೊಮ್ಮೆ ಆರೇ ದಿನ ಮುಂಚೆ ಹೇಳುತ್ತಾರೆ. ಡಕ್ಸ್ ಪೂರ್ವದ ಕಡೆ ಆಡಿದರೆ ಅಲ್ಲಿನ ಮಧ್ಯಾಹ್ನ ನಮಗೆ ಬೆಳಗ್ಗೆ ಒಂಬತ್ತು. ಮಸಾಲೆ ದೋಸೆ ಹುಯ್ಯುತ್ತಾ ನೋಡಬಹುದು. ಇಲ್ಲಿ ಆಡಿದರೆ ರಾತ್ರಿ ಹನ್ನೊಂದಕ್ಕೂ ಮುಗಿಯದೆ ಇರಬಹುದು.

ನೋಡುವುದಕ್ಕೆ ದುಬಾರಿ ಕೇಬಲ್ ಬೇಡ. ಫಾಕ್ಸ್, ಸಿಬಿಎಸ್, ಎನ್‌ಬಿಸಿ ಮೂರೂ ಗಾಳಿಯಲ್ಲಿ ಪುಕ್ಕಟೆ ಬರುತ್ತವೆ. ಕಿಟಕಿಗೆ ಅಂಟಿಸುವ ಒಂದು ಆಂಟೆನಾ ಸಾಕು. ಎಲ್ಲ ಆಟ ಸಿಗುವುದಿಲ್ಲ, ದೊಡ್ಡವು ಸಿಗುತ್ತವೆ.

ಒಮ್ಮೆಯಾದರೂ ಸ್ಟೇಡಿಯಂಗೆ ಹೋಗಿ. ಒಳಗೆ ಪಾರದರ್ಶಕ ಚೀಲ ಮಾತ್ರ ಬಿಡುತ್ತಾರೆ. ಛತ್ರಿ ಬಿಡುವುದಿಲ್ಲ, ರೇನ್‌ಕೋಟ್ ಒಯ್ಯಿರಿ. ಹೊರಗೆ ಕಾರಿನ ಡಿಕ್ಕಿ ತೆಗೆದು ಎಲ್ಲರೂ ಅಡುಗೆ ಮಾಡುತ್ತಿರುತ್ತಾರೆ. ನಾವು ಚಿತ್ರಾನ್ನ ಒಯ್ದಿದ್ದೆವು, ಪಕ್ಕದವರು ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಆಟ ನಡುನಡುವೆ ನಿಂತುಹೋದರೆ ಗಾಬರಿಯಾಗಬೇಡಿ. ಮೈದಾನದ ಅಂಚಿನಲ್ಲಿ ಕೆಂಪು ಟೋಪಿಯ ಒಬ್ಬ ಮನುಷ್ಯ ಇರುತ್ತಾನೆ. ಅವನು ಒಳಗೆ ಬಂದು ನಿಂತರೆ ಟಿವಿಯಲ್ಲಿ ಜಾಹೀರಾತು ನಡೆಯುತ್ತಿದೆ ಎಂದು ಅರ್ಥ. ಐವತ್ತು ಸಾವಿರ ಜನ ಮಳೆಯಲ್ಲಿ ನೆನೆಯುತ್ತಾ, ಅವನು ಯಾವಾಗ ಆಚೆ ಹೋಗುತ್ತಾನೋ ಎಂದು ಕಾಯುತ್ತಾರೆ. ದುಡ್ಡೇ ದೊಡ್ಡಪ್ಪ ಎನ್ನುವುದನ್ನು ಕಣ್ಣಾರೆ ನೋಡಬೇಕಿದ್ದರೆ ಆ ಟೋಪಿ ನೋಡಿ.

ಬಟ್ಟೆಯ ಬಣ್ಣದ ಬಗ್ಗೆ ಒಂದು ಮಾತು. 2025ರ ನವೆಂಬರ್‌ನಲ್ಲಿ ಯುಎಸ್‌ಸಿ ಯೂಜೀನ್‌ಗೆ ಆಡಲು ಬಂದಿತ್ತು. ನಮ್ಮ ಗೆಳೆಯರೊಬ್ಬರು ರಾಜ್ಯೋತ್ಸವದ ತಿಂಗಳಲ್ವಾ ಎಂದು ಹಳದಿ-ಕೆಂಪು ಶಾಲು ಹೊದ್ದು ಹೋದರು. ಯುಎಸ್‌ಸಿ ಬಣ್ಣವೂ ಅದೇ! ದಾರಿಯುದ್ದಕ್ಕೂ ಜನ ಅವರನ್ನು ಛೇಡಿಸಿದರು. ಅವರು ನಗುತ್ತಾ ಎಲ್ಲರಿಗೂ ಕೈ ಬೀಸಿದರಂತೆ.

ಮಕ್ಕಳನ್ನು ಇಲ್ಲಿ ಓದಿಸುವವರಿಗೆ: ಬಿಗ್ ಟೆನ್ ಎಂಬ ಹೆಸರು ನೋಡಿ ಕಾಲೇಜು ಆರಿಸಬೇಡಿ, ಬೇಕಾದ ವಿಭಾಗ ಹೇಗಿದೆ ನೋಡಿ. ಟಿವಿ ದುಡ್ಡು ಬಂದರೆ ಫೀಸು ಇಳಿಯುತ್ತದೆ ಅಂತಲೂ ಅಂದುಕೊಳ್ಳಬೇಡಿ. ಅದು ಆಟದ ವಿಭಾಗದೊಳಗೇ ಖರ್ಚಾಗುತ್ತದೆ. ಹಲವು ರಾಜ್ಯಗಳಲ್ಲಿ ಸರ್ಕಾರಿ ಸಂಬಳದವರ ಪೈಕಿ ಎಲ್ಲರಿಗಿಂತ ಜಾಸ್ತಿ ಪಡೆಯುವವನು ಫುಟ್‌ಬಾಲ್ ಕೋಚ್. 2025ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ 2 ಕೋಟಿ 5 ಲಕ್ಷ ಡಾಲರ್. ಆದರೆ ನಿಮ್ಮ ಮಗ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಟೆನಿಸ್ ಆಡುತ್ತಿದ್ದರೆ ಒಂದು ಪೈಸೆ ಮುಟ್ಟುವ ಮುಂಚೆ ಕಾಲೇಜಿನ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಕೇಳಲಿ. ವೀಸಾದ ನಿಯಮ ಬೇರೆ.

ಕನ್ನಡ ಕೂಟದ ಕೆಲಸಕ್ಕೆ ಕೈ ಹಾಕುವವರಿಗೂ ಇದೇ ಕಿವಿಮಾತು. ಡಕ್ಸ್-ಬೀವರ್ಸ್ ಆಟ ಹಿಂದೆ ನವೆಂಬರ್ ಕೊನೆಯ ವಾರದಲ್ಲಿ ಇರುತ್ತಿತ್ತು, ಗುಂಪು ಒಡೆದ ಮೇಲೆ 2024, 2025ರಲ್ಲಿ ಸೆಪ್ಟೆಂಬರ್‌ಗೆ ಬಂತು. ನಮ್ಮ ಗಣೇಶನ ಹಬ್ಬದ ಕಾಲಕ್ಕೆ. ಒಂದು ವರ್ಷ ಶನಿವಾರ ಸಂಜೆ ಕಾರ್ಯಕ್ರಮ ಇಟ್ಟು, ಇನ್ನೂರು ಜನಕ್ಕೆ ಬಿಸಿಬೇಳೆಬಾತ್ ಮಾಡಿಸಿ, ನೂರು ಜನ ಬಂದರು. ಈಗ ನಾವು ಹಾಲ್ ಬುಕ್ ಮಾಡುವುದು ಭಾನುವಾರಕ್ಕೇ.