ಚಪ್ಪಲಿ ಕೇಳಲು ಬಂದ ರಕ್ತಪಿಶಾಚಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಆಡುವ ಕಥೆಯಾಟ. ನಮ್ಮ ಗುಂಪಿನಲ್ಲಿ ಅದನ್ನು ಆಡುವವರೆಲ್ಲ ಹಳಬರು. ವ್ಯಾಂಪೈರ್, ಅಂದರೆ ರಕ್ತಪಿಶಾಚಿ, ಅಂದ ತಕ್ಷಣ ಅವರಿಗೆ ಬೆಟ್ಟದ ಮೇಲಿನ ಕೋಟೆ, ಕಪ್ಪು ಮೇಲಂಗಿ ತೊಟ್ಟ ದೊರೆ, ನೆಲಮಾಳಿಗೆಯ ಶವಪೆಟ್ಟಿಗೆ ಎಲ್ಲ ಕಣ್ಣಮುಂದೆ ಬರುತ್ತವೆ. ನಿಯಮಗಳೂ ಬಾಯಿಪಾಠ. 2014ರ ನಿಯಮಪುಸ್ತಕದ ಪ್ರಕಾರ ಅದಕ್ಕೆ 144 ಹಿಟ್ ಪಾಯಿಂಟ್, ಅಂದರೆ ಏಟು ತಾಳುವ ಶಕ್ತಿಯ ಅಂಕ. ಪ್ರತಿ ಸರದಿಗೆ 20 ವಾಪಸ್ ಬರುತ್ತದೆ, ಬಿಸಿಲಿನಲ್ಲೋ ಹರಿಯುವ ನೀರಿನಲ್ಲೋ ಇದ್ದರೆ ಬರುವುದಿಲ್ಲ. ಇಷ್ಟು ಗೊತ್ತಿದ್ದ ಮೇಲೆ ಉಳಿಯುವುದು ಕೂಡಿ ಕಳೆಯುವ ಲೆಕ್ಕ ಮಾತ್ರ. ಕಥೆ ಕಟ್ಟಿ ಆಟ ನಡೆಸುವ ಡಂಜನ್ ಮಾಸ್ಟರ್ ಆಗಿ ನನಗೆ ಅವರನ್ನು ನಿಜವಾಗಿ ಹೆದರಿಸಬೇಕಿತ್ತು.

ಅದಕ್ಕೆ ಕಾದಂಬರಿಗಳಿಗಿಂತ ಹಿಂದಕ್ಕೆ ಹೋದೆ. ದೊರೆಮನೆತನದ ರಕ್ತಪಿಶಾಚಿ ಇಂಗ್ಲಿಷ್ ಕಥೆಗಳಿಗೆ ಬಂದಿದ್ದು 1819ರ ಹೊತ್ತಿಗೆ. ಬಿಸಿಲು ತಾಕಿ ಸಾಯುವುದು ಇನ್ನೂ ಈಚಿನದು, 1922ರ ಒಂದು ಜರ್ಮನ್ ಮೂಕಿ ಚಿತ್ರದ್ದು. 1897ರ ಕಾದಂಬರಿಯ ಡ್ರಾಕುಲಾ ಲಂಡನ್ನಿನಲ್ಲಿ ಹಗಲಲ್ಲೇ ಓಡಾಡುತ್ತಾನೆ. ಇವರೆಲ್ಲರಿಗಿಂತ ಮೊದಲು ಇದ್ದದ್ದು ಸರ್ಬಿಯಾದ ಹಳ್ಳಿಗಳು.

1725ರಲ್ಲಿ ಕಿಸಿಲ್ಯೆವೊ ಎಂಬ ಊರಿನಲ್ಲಿ ಪೆಟಾರ್ ಬ್ಲಾಗೊಯೆವಿಚ್ ಎಂಬ ರೈತ ತೀರಿಕೊಂಡ. ಅವನನ್ನು ಹೂತ ಮೇಲೆ 8 ದಿನಗಳ ಒಳಗೆ 9 ಜನ ಸತ್ತರು. ಎಲ್ಲರಿಗೂ ಒಂದೇ ದಿನದ ಕಾಯಿಲೆ. ನಿದ್ದೆಯಲ್ಲಿ ಪೆಟಾರ್ ಬಂದು ಮೈಮೇಲೆ ಮಲಗಿ ಕತ್ತು ಹಿಸುಕಿದ ಅಂತ ಅವರು ಸಾಯುವ ಮುಂಚೆ ಹೇಳಿದ್ದರು. ಆಗ ಆ ಸೀಮೆ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಅರಸರ ಕೈಯಲ್ಲಿತ್ತು. ಗೋರಿ ತೆಗೆಯಲು ಮೇಲಿನ ಅಪ್ಪಣೆ ಬರಲಿ ಎಂದ ಅಧಿಕಾರಿಗೆ ಊರವರು, ಅಲ್ಲಿಯವರೆಗೆ ಕಾಯುವ ಬದಲು ಊರನ್ನೇ ಬಿಡುತ್ತೇವೆ ಎಂದರು. ಅವನು ಬರೆದ ವರದಿ ಅದೇ ವರ್ಷ ವಿಯೆನ್ನಾದ ಪತ್ರಿಕೆಯಲ್ಲಿ ಅಚ್ಚಾಯಿತು.

ಅದರಲ್ಲಿ ಒಂದು ಸಾಲು ಇದೆ. ಸತ್ತ ಗಂಡ ಮನೆಗೆ ಬಂದು ತನ್ನ ಚಪ್ಪಲಿ ಕೇಳಿದ ಅಂತ ಹೆಂಡತಿ ಹೇಳಿದಳು, ಆಮೇಲೆ ಊರು ಬಿಟ್ಟು ಹೋದಳು. ನನ್ನ ಇಡೀ ಕಥೆ ಹುಟ್ಟಿದ್ದು ಇಲ್ಲಿಂದ. ಈ ಪಿಶಾಚಿ ಬೇಟೆಗೆ ಹೊರಟದ್ದಲ್ಲ, ತನ್ನ ಮನೆಗೆ ಹೊರಟದ್ದು.

ಹಾಗಾಗಿ ಕೋಟೆ, ಬಾವಲಿ, ಮೋಡಿ ಮಾಡುವ ಕಣ್ಣು ಎಲ್ಲ ತೆಗೆದುಹಾಕಿದೆ. ಕೋಟೆಯ ನಕ್ಷೆಯ ಬದಲು ಊರಿನ ನೆಂಟಸ್ತಿಕೆ ಬರೆದುಕೊಂಡೆ. ಯಾರು ಯಾರ ಅಣ್ಣ, ಯಾರ ಮನೆಗೆ ಯಾರ ಮಗಳನ್ನು ಕೊಟ್ಟಿದೆ, ಸತ್ತವನ ಜೊತೆ ಯಾರಿಗೆ ಜಾಸ್ತಿ ಸಲಿಗೆ. ಪಿಶಾಚಿ ಆ ಸಲಿಗೆಯ ದಾರಿಯಲ್ಲೇ ರಾತ್ರಿಗೊಂದು ಮನೆಗೆ ಹೋಗುತ್ತದೆ. ಇದನ್ನು ಕಂಡುಹಿಡಿದರೆ ಮುಂದಿನ ಮನೆ ಯಾವುದು ಅಂತ ಆಟಗಾರರಿಗೆ ಮೊದಲೇ ತಿಳಿಯುತ್ತದೆ.

ಕಚ್ಚುವುದನ್ನೂ ಬಿಟ್ಟೆ. ಎದೆಯ ಮೇಲೆ ಭಾರ, ಅಷ್ಟೇ. ಹಳ್ಳಿಯವರು ಮರುದಿನ ಸಾಯುತ್ತಾರೆ. ಆಟಗಾರರ ಪಾತ್ರಗಳಿಗೆ ಆ ರಾತ್ರಿಯ ವಿಶ್ರಾಂತಿ ದಕ್ಕುವುದಿಲ್ಲ, ಮೇಲೆ ಒಂದು ಹಂತ ದಣಿವು ಏರುತ್ತದೆ. 2014ರ ನಿಯಮದಲ್ಲಿ ದಣಿವು ಆರನೇ ಹಂತ ಮುಟ್ಟಿದರೆ ಸಾವು. ನೂರಾರು ಹಿಟ್ ಪಾಯಿಂಟ್ ಇದ್ದರೂ ಇಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ.

ಇನ್ನು ಬಾಗಿಲಿನ ವಿಷಯ. ಒಳಗೆ ಬಾ ಅಂತ ಕರೆಯದೆ ವ್ಯಾಂಪೈರ್ ಯಾರ ಮನೆಗೂ ನುಗ್ಗುವಂತಿಲ್ಲ ಅನ್ನುತ್ತದೆ ನಿಯಮ. ಆದರೆ ತನ್ನದೇ ಮನೆ ಆದರೆ? ಬಹಳ ಯೋಚಿಸಿ, ಅಲ್ಲೂ ಕರೆ ಬೇಕು ಅಂತ ಇಟ್ಟುಕೊಂಡೆ. ಸತ್ತವನಿಗೆ ಆ ಮನೆ ಈಗ ಅವನದಲ್ಲ. ಕರೆಯಬೇಕಾದವಳು ಹೆಂಡತಿ.

ಆಟದಲ್ಲಿ ಒಬ್ಬ ಗೆಳೆಯನ ಪಾತ್ರ ಅವಳ ಮುಂದೆ ಕೂತು ಕೇಳಿತು, "ಚಪ್ಪಲಿ ಕೊಟ್ಟಿರಾ ಅಮ್ಮಾ?" ನಾನು ಅವಳಾಗಿ ಹೇಳಿದೆ, "ಕೊಟ್ಟೆ ಕಣಪ್ಪಾ. ಹೊರಗೆ ಚಳಿ ಇತ್ತು. ಒಳಗೆ ಬಾ ಅಂದೆ." ಆಮೇಲೆ ಯಾರೂ ದಾಳ ಮುಟ್ಟಲಿಲ್ಲ. ಅವಳನ್ನು ಬೈಯಬೇಕೋ ಸಮಾಧಾನ ಮಾಡಬೇಕೋ ಅಂತ ಬಹಳ ಹೊತ್ತು ಮಾತಾಡಿಕೊಂಡರು.

ಗೋರಿ ಅಗೆಯುವ ಭಾಗಕ್ಕೆ ವರದಿಯಲ್ಲಿದ್ದದ್ದನ್ನೇ ಬಳಸಿದೆ. ಹೆಣದ ವಾಸನೆ ಇಲ್ಲ, ಗಡ್ಡ ಬೆಳೆದಿದೆ, ಮೇಲಿನ ಚರ್ಮ ಸುಲಿದು ಕೆಳಗೆ ಹೊಸದು ಕಾಣುತ್ತಿದೆ, ಬಾಯಲ್ಲಿ ರಕ್ತ. ನಿಜದಲ್ಲಿ ಇವುಗಳಲ್ಲಿ ಬಹಳಷ್ಟು ಹೆಣ ಕೊಳೆಯುವಾಗ ಆಗುವಂಥದ್ದೇ. ಒಳಗಿನ ಗಾಳಿ ಒತ್ತಿ ಕೆಂಪು ದ್ರವ ಬಾಯಿಗೆ ಬರುತ್ತದೆ. ಚರ್ಮ ಸೆಳೆದುಕೊಂಡು ಕೂದಲು, ಉಗುರು ಉದ್ದವಾದಂತೆ ಕಾಣುತ್ತವೆ. ಅದಕ್ಕೇ ಪಕ್ಕದಲ್ಲಿ ಇನ್ನೊಂದು ಗೋರಿ ಇಟ್ಟೆ. ಒಂದು ಹುಡುಗಿಯದು, ಅದೇ ಲಕ್ಷಣಗಳು, ಆದರೆ ಬರೀ ಹೆಣ. ಊರವರು ಅವಳ ತಲೆಯನ್ನೂ ಕಡಿಯಬೇಕು ಅನ್ನುತ್ತಾರೆ, ತಾಯಿ ಅಡ್ಡ ನಿಲ್ಲುತ್ತಾಳೆ. 1732ರಲ್ಲಿ ಮೆದ್ವೆಜಾ ಎಂಬ ಊರಿನಲ್ಲಿ ಸೈನ್ಯದ ವೈದ್ಯರು ಸಾಲಾಗಿ ಗೋರಿ ತೆಗೆಸಿ, ಕೊಳೆಯದ ಹೆಣಗಳ ತಲೆ ಕಡಿಸಿ ಸುಡಿಸಿದ್ದರು. ಆ ತಾಯಂದಿರ ಬಗ್ಗೆ ಆಟದಲ್ಲಾದರೂ ಯಾರಾದರೂ ಯೋಚಿಸಲಿ ಅಂತ ನನ್ನ ಆಸೆ.

ಕೊನೆಯ ಹೊಡೆದಾಟ ಬೇಗ ಮುಗಿಯಿತು. ಅದನ್ನು ಉದ್ದ ಮಾಡುವ ಅಗತ್ಯವೂ ಇರಲಿಲ್ಲ.

ನೀವೂ ಇದನ್ನು ಆಡಿಸುವುದಾದರೆ ಒಂದು ಮಾತು. ನಿದ್ದೆಯಲ್ಲಿ ಮೈ ಮರಗಟ್ಟಿ ಎದೆಯ ಮೇಲೆ ಯಾರೋ ಕೂತಂತಾಗುವುದು ಎಷ್ಟೋ ಜನರಿಗೆ ನಿಜವಾಗಿಯೂ ಆಗುತ್ತದೆ. ಶುರು ಮಾಡುವ ಮುಂಚೆ ಎಲ್ಲರನ್ನೂ ಕೇಳಿ, ಬೇಡ ಅಂದರೆ ಆ ಭಾಗ ಬದಲಿಸಿ. ನಾನೀಗ ಮೆದ್ವೆಜಾದ ಕಥೆಗೆ ಕೈ ಹಾಕಿದ್ದೇನೆ. ಅಲ್ಲಿ ಪಿಶಾಚಿ ದನಗಳ ಮೇಲೂ ಬಿದ್ದಿತ್ತು, ಅವುಗಳ ಮಾಂಸ ತಿಂದವರೂ ಪಿಶಾಚಿ ಆಗುತ್ತಾರೆ ಅಂತ ಜನ ನಂಬಿದ್ದರು. ಊಟದಿಂದ ಹರಡುವುದಕ್ಕೆ ಹೊಸ ನಿಯಮ ಬರೆಯಬೇಕು.